ನವೆಂಬರಿನ ಹೆಬ್ಬೆಟ್ಟು

ಪ್ರತಿ ನವೆಂಬರಿನ ಮೊದಲ ಸೋಮವಾರ
ಶೆಟರ್ ಇನ್ನೂ ಅರ್ಧ ಎದ್ದಿರುವಾಗಲೇ
ಬಗ್ಗಿ ಒಳಗೆ ಬರುತ್ತಿದ್ದರು ನಾಯಕ್ ಪಿಳ್ಳಪ್ಪ,
ತಾವು ಬದುಕಿದ್ದೇವೆಂದು ಸಾಬೀತು ಮಾಡಲು.

ಬೂದಿಗೆರೆ ರಸ್ತೆಯ ನಮ್ಮ ಶಾಖೆಯಲ್ಲಿ
ಪಿಂಚಣಿ ಕೌಂಟರು ನನ್ನದು.
ಹದಿನಾಲ್ಕು ವರ್ಷ
ಅವರ ಜೀವಕ್ಕೆ ಸೀಲು ಒತ್ತಿದವಳು ನಾನು.

ಕಾಗದದ ಕಾಲಕ್ಕೆ ಒಂದು ಸಹಿ ಸಾಕಿತ್ತು.
ಮೆಷಿನ್ನು ಬಂದ ಮೇಲೆ ಕೆಂಪು ದೀಪ:
ಬೆರಳಚ್ಚು ಹೊಂದುತ್ತಿಲ್ಲ. ಒರೆಸಿ, ಮತ್ತೆ ಇಡಿ.
ಪಂಚೆಗೆ ಉಜ್ಜಿ ಇಟ್ಟರು,
ತಲೆಯ ಎಣ್ಣೆ ಸವರಿ ಇಟ್ಟರು.
ಇಲ್ಲ.
"ಗೆರೆ ಇದ್ರೆ ತಾನೇ ಮೇಡಮ್ಮೋರೆ,
ಅರ್ಧ ಪಂಜಾಬಿನ ಗೋಧಿ ಹೊಲದಾಗೆ ಉಳ್ಕಂಡವೆ,
ಮಿಕ್ಕಿದ್ದು ನಮ್ಮ ರಾಗಿ ಹೊಲದಾಗೆ."

ಕ್ಯೂ ಇಲ್ಲದ ಒಂದು ಮಧ್ಯಾಹ್ನ, ಸರ್ವರ್ ಮಲಗಿದ್ದಾಗ,
ಕೇಳದೆಯೇ ಹೇಳಿದರು.
ಎಪ್ಪತ್ತೊಂದರ ಡಿಸೆಂಬರು.
ಹಲಸೂರಿನ ಬ್ಯಾರಕ್ಕಿನಲ್ಲಿ ಕಲಿತ ವಿದ್ಯೆ:
ಹೊಟ್ಟೆಯ ಮೇಲೆ ತೆವಳು, ಕಂಬಿ ಓರೆ ಹಿಡಿ,
ಬೆರಳಗಲ ಬಿಟ್ಟು ಬೆರಳಗಲ ಚುಚ್ಚು,
"ಠಣ್ ಅಂದ್ರೆ ಉಸುರು ನಿಲ್ಸು."
ಹಿಂದೆ ಬಿಳಿ ಪಟ್ಟಿ ಹಾಸುತ್ತ ಬರುತ್ತಿದ್ದವನು
ಕೆಜಿಎಫ್‌ನ ಆರೋಗ್ಯಸಾಮಿ.
ಅವನಪ್ಪ ಗಣಿಯಲ್ಲಿ ಚಿನ್ನ ಅಗೆದವನು,
ಮಗ ಅದೇ ಜೋಕು ಮಾಡುತ್ತಿದ್ದನಂತೆ:
ನಮ್ಮ ವಂಶಕ್ಕೆ ನೆಲದ ಒಳಗೇ ಕೆಲಸ.
ಹನ್ನೊಂದು ತೆಗೆದರು ಪಿಳ್ಳಪ್ಪ ಆ ರಾತ್ರಿ.
ಹನ್ನೆರಡನೆಯದು
"ಸರ್ವರ್ ಬಂತಾ ನೋಡಿ" ಅಂದರು.

ಊರಲ್ಲಿ ಅವರ ಹೆಸರು ಚುಚ್ಚು ಪಿಳ್ಳಪ್ಪ.
ಸ್ವಂತ ಹೊಲಕ್ಕೆ ಕಾಲಿಡುವ ಮುಂಚೆಯೂ
ಕಂಬಿ ಊರಿ ಮಣ್ಣನ್ನು ಕೇಳುವರು.
ಹುಡುಗರು ಹಿಂದೆ ನಿಂತು ನಗುವರು.
ಯರ್ರಪ್ಪನ ಸೊಸೆಯ ವಾಲೆ
ಅವರೆ ಹೊಲದಲ್ಲಿ ಬಿದ್ದ ವರ್ಷ ಮಾತ್ರ ಯಾರೂ ನಗಲಿಲ್ಲ.
ಹಗ್ಗ ಕಟ್ಟಿ ಹೊಲವನ್ನು ಚೌಕ ಚೌಕ ಮಾಡಿ,
ಮೂರು ದಿನ ಮಂಡಿಯೂರಿ,
ಹೂವು ಉದುರದ ಹಾಗೆ ಗಿಡ ಸರಿಸಿ ಸರಿಸಿ,
ವಾಲೆ ಸಿಕ್ಕಿತು. ಮಣ್ಣು ಊದಿ ಕೈಗಿಟ್ಟು
ಬದುವಿನ ಮೇಲೆ ಕೂತು ಅತ್ತರಂತೆ,
ಹೊತ್ತು ಮುಳುಗುವ ತನಕ.
ವಾಲೆಯವಳು ಕಾಫಿ ತಂದು, ನಿಂತು, ವಾಪಸು ಹೋದಳಂತೆ.

ಆಮೇಲೆ ಲೇಔಟು. ಬಾಂದುಕಲ್ಲಿನ ಮೇಲೆ ಸೈಟಿನ ನಂಬರು.
ಜೇಸಿಬಿ ಓಡಿಸುವ ಬಿಹಾರದ ಹುಡುಗನಿಗೆ
ತಗಡಿನ ಬೇಲಿಯಾಚೆಯಿಂದ ಮಿಲಿಟರಿ ಹಿಂದಿಯಲ್ಲಿ ಕೂಗುವರು:
"ಧೀರೇ, ಬೇಟಾ, ಧೀರೇ!"
ಅಪಾರ್ಟ್‌ಮೆಂಟಿನವರು ಆಗಸ್ಟ್ ಹದಿನೈದಕ್ಕೆ ಕರೆದು
ಶಾಲು ಹೊದಿಸಿ, ಮೈಕು ಕೊಟ್ಟರು.
"ಹುಲ್ಲಿನ ಮ್ಯಾಲೆ ನೋಡ್ಕಂಡು ಕಾಲಿಡ್ರಪ್ಪ."
ಅಷ್ಟೇ ಭಾಷಣ.
ಲಾನಿನ ಕಾಳಜಿಯೆಂದುಕೊಂಡು
ಎಲ್ಲರೂ ಚಪ್ಪಾಳೆ ತಟ್ಟಿದರು.

ಈ ನವೆಂಬರು,
ಶೆಟರ್ ಪೂರ್ತಿ ಎತ್ತಿ, ಕಸ ಗುಡಿಸಿ, ಊದುಬತ್ತಿ ಹಚ್ಚಿದ ಮೇಲೆ
ಬಂದವರು ಅಕ್ಕಯಮ್ಮ.
ಚೀಲದಲ್ಲಿ ಮರಣಪತ್ರ, ಡಿಸ್ಚಾರ್ಜ್ ಪುಸ್ತಕ,
ಹಳೇ ಟವಲಿನಲ್ಲಿ ಸುತ್ತಿದ ಕಂಬಿ.
"ಸರ್ಕಾರದ್ದೋ ಏನೋ, ವಾಪಸ್ ಕೊಡ್ಬೇಕೇನೋ ಅಂತ ತಂದೆ."
ಬೇಡಮ್ಮ, ಇಟ್ಕೊಳ್ಳಿ ಅಂದೆ.
ಹೆಬ್ಬೆಟ್ಟು ಇಡಿಸಿದೆ. ಕೆಂಪು.
ಒರೆಸಿ ಇಡಿಸಿದೆ. ಕೆಂಪು.
"ನಂದೂ ಮಣ್ಣು ತಿಂದೈತೆ ಬಿಡವ್ವ" ಎಂದು ನಕ್ಕರು.

ಮೂರನೆಯ ಸಲ ಅವರ ಬೆರಳನ್ನು ನಾನೇ ಒತ್ತಿ ಹಿಡಿದಿರುವಾಗ
ಮೆಲ್ಲಗೆ ಹೇಳಿದರು, ಯಾರಿಗೋ ವರದಿ ಒಪ್ಪಿಸುವಂತೆ:
"ಕಾಂಪೌಂಡ್ ಪಕ್ಕ ಎಲ್ಡು ಗುಂಟೆ ಉಳ್ಕಂಡಿತ್ತಲ್ಲ,
ಅಲ್ಲೇ ಮಣ್ಣು ಮಾಡಿದ್ವಿ.
ಗುಂಡಿ ತೋಡೋಕೆ ಮುಂಚೆ ಮೊಮ್ಮಗ ಇದ್ರಾಗೇ
ಚುಚ್ಚಿ ಚುಚ್ಚಿ ನೋಡ್ದ, ತಾತ ಮಾಡ್ದಂಗೇ.
ಏನೂ ಇರ್ಲಿಲ್ಲ.
ಬರೀ ಮಣ್ಣು."

ಮೆಷಿನ್ನು ಇನ್ನೂ ಯೋಚಿಸುತ್ತಿತ್ತು.